ನಾಯಕ ಖುಲಾಸೆಯಾದ, ಹಿಂಬಾಲಕರು ಗಲ್ಲಿಗೇರಿದರು: 1780ರ ಲಂಡನ್ ದೊಂಬಿ ಮತ್ತು ರಾಜದ್ರೋಹದ ವಿಚಾರಣೆ

ಪ್ರಶ್ನೆ: ನಾನು ಕಾನೂನು ವಿದ್ಯಾರ್ಥಿನಿ. 1780ರ ಜೂನ್ ತಿಂಗಳಲ್ಲಿ ಲಂಡನ್ನಿನಲ್ಲಿ ಕ್ಯಾಥೊಲಿಕರ ವಿರುದ್ಧ ದೊಡ್ಡ ದೊಂಬಿ ನಡೆದು ನೂರಾರು ಜನ ಸತ್ತರೆಂದೂ, ದೊಂಬಿಯಲ್ಲಿ ಪಾಲ್ಗೊಂಡ ಕೂಲಿಕಾರರು, ಆಳುಗಳು ಗಲ್ಲಿಗೇರಿದರೆಂದೂ, ಆದರೆ ಆ ಜನರನ್ನೆಲ್ಲ ಸೇರಿಸಿದ ಲಾರ್ಡ್ ಜಾರ್ಜ್ ಗಾರ್ಡನ್ ರಾಜದ್ರೋಹದ ಆರೋಪದಿಂದ ಖುಲಾಸೆಯಾದನೆಂದೂ ಓದಿದೆ. ಅವನು ಡ್ಯೂಕ್ ಮನೆತನದವನು ಎಂಬ ಕಾರಣಕ್ಕೇ ನ್ಯಾಯಾಲಯ ಅವನನ್ನು ಬಿಟ್ಟಿತೆ?

ಉತ್ತರ: ನಿಮ್ಮ ಸಂಶಯ ನ್ಯಾಯವಾದದ್ದೇ, ಆದರೆ ನೀವು ಕಾರಣವನ್ನು ನ್ಯಾಯಾಧೀಶರ ಇಲ್ಲವೆ ಜ್ಯೂರಿಯ ಪಕ್ಷಪಾತದಲ್ಲಿ ಹುಡುಕುತ್ತಿದ್ದೀರಿ. ನನ್ನ ತಿಳಿವಳಿಕೆಯಂತೆ ಅದು ಅಲ್ಲಿಲ್ಲ, ಆರೋಪವನ್ನು ಹೊರಿಸಿದ ಬಗೆಯಲ್ಲಿದೆ. ಸರ್ಕಾರ ಗಾರ್ಡನ್ನನ ಮೇಲೆ ಅಂದಿನ ಇಂಗ್ಲೆಂಡಿನ ಕಾನೂನಿನಲ್ಲಿದ್ದ ಅತ್ಯಂತ ಘೋರವಾದ ಆರೋಪವನ್ನು ಹೊರಿಸಿತು, ಮತ್ತು ಆ ಆರೋಪಕ್ಕೆ ಮಾತ್ರವೇ ಕಾನೂನು ಕೆಲವು ಅಸಾಧಾರಣ ರಕ್ಷಣೆಗಳನ್ನು ಕೊಟ್ಟಿತ್ತು. ಬಡವರ ಮೇಲೆ ಹೊರಿಸಿದ್ದು ಅದಕ್ಕಿಂತ ಕೆಳಗಿನ ಆರೋಪ, ಅದಕ್ಕೂ ಶಿಕ್ಷೆ ಮರಣವೇ, ಆದರೆ ಆ ರಕ್ಷಣೆಗಳಲ್ಲಿ ಒಂದೂ ಅವರಿಗೆ ಸಿಗಲಿಲ್ಲ. ಇದನ್ನು ವಿವರಿಸಲು ದೊಂಬಿಗಿಂತ ಸ್ವಲ್ಪ ಹಿಂದಿನಿಂದ ಆರಂಭಿಸಬೇಕಾಗುತ್ತದೆ.

ಹದಿನೆಂಟನೇ ಶತಮಾನದ ಇಂಗ್ಲೆಂಡಿನಲ್ಲಿ ಕ್ಯಾಥೊಲಿಕನೆಂದರೆ ಕಾನೂನಿನ ಕಣ್ಣಿನಲ್ಲಿ ಹುಟ್ಟಿನಿಂದಲೇ ಶಂಕಿತ. ವಿದೇಶದಲ್ಲಿ ದೀಕ್ಷೆ ಪಡೆದ ಪಾದ್ರಿ ಇಂಗ್ಲೆಂಡಿನ ನೆಲದಲ್ಲಿ ಕಾಲಿಡುವುದನ್ನೇ ರಾಜದ್ರೋಹವೆಂದು ಸಾರಿದ 1585ರ ಶಾಸನ ಇನ್ನೂ ರದ್ದಾಗಿರಲಿಲ್ಲ. ಅದರ ಮೇಲೆ ಮೂರನೇ ವಿಲಿಯಂ ದೊರೆಯ ಕಾಲದ ಕಾಯ್ದೆಯೊಂದು ಕ್ಯಾಥೊಲಿಕ್ ಪೂಜೆ ಸಲ್ಲಿಸುವ ಪಾದ್ರಿಗೂ, ಮಕ್ಕಳಿಗೆ ಶಾಲೆ ನಡೆಸುವ ಕ್ಯಾಥೊಲಿಕನಿಗೂ ಆಜೀವ ಸೆರೆವಾಸವನ್ನು ವಿಧಿಸಿ, ಪಾದ್ರಿಯನ್ನು ಹಿಡಿದುಕೊಟ್ಟು ಶಿಕ್ಷೆ ಕೊಡಿಸಿದವನಿಗೆ 100 ಪೌಂಡ್ ಇನಾಮು ಗೊತ್ತುಮಾಡಿ, ಕ್ಯಾಥೊಲಿಕರು ಜಮೀನು ಕೊಳ್ಳುವುದನ್ನೂ ಪಿತ್ರಾರ್ಜಿತ ಪಡೆಯುವುದನ್ನೂ ತಡೆದಿತ್ತು. 1760ರ ದಶಕದಲ್ಲಿ ವಿಲಿಯಂ ಪೇನ್ ಎಂಬ ಬಡಗಿಯೊಬ್ಬ ಇನಾಮಿನ ಆಸೆಯಿಂದಲೋ ಮತದ ಆವೇಶದಿಂದಲೋ ಪಾದ್ರಿಗಳ ಮೇಲೆ ಒಂದರ ಹಿಂದೊಂದು ದೂರು ದಾಖಲಿಸತೊಡಗಿದ. 1767ರಲ್ಲಿ ಜಾನ್ ಬ್ಯಾಪ್ಟಿಸ್ಟ್ ಮಲೋನಿ ಎಂಬ ಪಾದ್ರಿಗೆ ಆಜೀವ ಸೆರೆವಾಸದ ತೀರ್ಪೂ ಬಂತು. ಆದರೆ 1768ರಲ್ಲಿ ಜೇಮ್ಸ್ ವೆಬ್ ಎಂಬ ಇನ್ನೊಬ್ಬ ಪಾದ್ರಿಯ ಪ್ರಕರಣ ಮುಖ್ಯ ನ್ಯಾಯಾಧೀಶ ಲಾರ್ಡ್ ಮ್ಯಾನ್ಸ್‌ಫೀಲ್ಡರ ಮುಂದೆ ಬಂದಾಗ, ಒಬ್ಬನು ಪೂಜಾವಸ್ತ್ರ ಧರಿಸಿ ಲ್ಯಾಟಿನ್ ಮಂತ್ರ ಹೇಳಿದ್ದನ್ನು ನೋಡಿದರೆ ಸಾಲದು, ಅವನು ನಿಜವಾಗಿ ದೀಕ್ಷೆ ಪಡೆದ ಪಾದ್ರಿಯೆಂಬುದು ರುಜುವಾತಾಗಬೇಕು ಎಂದು ಅವರು ಜ್ಯೂರಿಗೆ ತಿಳಿಹೇಳಿದರು. ವೆಬ್ ಖುಲಾಸೆಯಾದ. ಪುರಾವೆಯ ವಿಷಯದಲ್ಲಿ ತೋರಿದ ಈ ಕಟ್ಟುನಿಟ್ಟಿನಿಂದಾಗಿ ಮ್ಯಾನ್ಸ್‌ಫೀಲ್ಡರಿಗೆ ಬೀದಿಯಲ್ಲಿ ಪೋಪನ ಗೆಳೆಯನೆಂಬ ಹೆಸರು ಅಂಟಿಕೊಂಡಿತು. ಹನ್ನೆರಡು ವರ್ಷಗಳ ನಂತರ ದೊಂಬಿಕೋರರು ಅವರ ಮನೆಯನ್ನು ಹುಡುಕಿಕೊಂಡು ಹೋದದ್ದಕ್ಕೆ ಇದೂ ಒಂದು ಕಾರಣ.

1778ರಲ್ಲಿ ಸರ್ ಜಾರ್ಜ್ ಸ್ಯಾವಿಲ್ ಮಂಡಿಸಿದ ಮಸೂದೆ ವಿಲಿಯಂನ ಕಾಯ್ದೆಯ ಕೆಲವು ಕಲಮುಗಳನ್ನಷ್ಟೇ ತೆಗೆದುಹಾಕಿತು. ರಾಜನಿಗೆ ನಿಷ್ಠೆ ಸೂಚಿಸಿ, ಪೋಪನಿಗೆ ಇಂಗ್ಲೆಂಡಿನಲ್ಲಿ ಯಾವ ಲೌಕಿಕ ಅಧಿಕಾರವೂ ಇಲ್ಲವೆಂದು ಪ್ರಮಾಣ ಮಾಡಿದ ಕ್ಯಾಥೊಲಿಕನು ಜಮೀನನ್ನು ಹೊಂದಬಹುದು, ಅವನ ಪಾದ್ರಿಯನ್ನು ಇನಾಮಿಗಾಗಿ ಹಿಡಿದುಕೊಡುವಂತಿಲ್ಲ ಎಂಬಷ್ಟು ಸೀಮಿತ ರಿಯಾಯಿತಿ ಅದು. ಮತದಾನದ ಹಕ್ಕಾಗಲಿ, ಸಂಸತ್ತಿನ ಸ್ಥಾನವಾಗಲಿ, ಬಹಿರಂಗ ಪೂಜೆಯ ಸ್ವಾತಂತ್ರ್ಯವಾಗಲಿ ಸಿಗಲಿಲ್ಲ. ಇದರ ಹಿಂದೆ ಉದಾರಭಾವ ಸ್ವಲ್ಪವಿದ್ದರೂ ಅಗತ್ಯ ಹೆಚ್ಚಾಗಿತ್ತು: ಅಮೆರಿಕದ ಯುದ್ಧ ಹದಗೆಟ್ಟಿತ್ತು, ಫ್ರಾನ್ಸ್ ಕಣಕ್ಕಿಳಿದಿತ್ತು, ಸೈನ್ಯಕ್ಕೆ ಐರ್ಲೆಂಡಿನಿಂದಲೂ ಸ್ಕಾಟ್ಲೆಂಡಿನ ಗುಡ್ಡಗಾಡಿನಿಂದಲೂ ಆಳುಗಳು ಬೇಕಾಗಿದ್ದರು. (ಆ ವರ್ಷಗಳಲ್ಲೇ ಸ್ಕಾಟ್ ಗುಡ್ಡಗಾಡಿನಲ್ಲಿ ಕಟ್ಟಿದ ಮೆಕ್ಲಿಯಾಡ್ ರೆಜಿಮೆಂಟಿನ ತುಕಡಿಗಳು 1780ರ ಸೆಪ್ಟೆಂಬರಿನಲ್ಲಿ ಪೊಳ್ಳಿಲೂರಿನ ಬಳಿ ಹೈದರಾಲಿ ಮತ್ತು ಟಿಪ್ಪುವಿನ ಸೈನ್ಯದ ಕೈಯಲ್ಲಿ ನುಚ್ಚುನೂರಾದವು. ಬ್ರಿಟನ್ನಿಗೆ ಆಗ ಎಷ್ಟು ಕಡೆಗಳಲ್ಲಿ ಸೈನಿಕರು ಬೇಕಾಗಿದ್ದರು ಎಂಬುದು ಕನ್ನಡಿಗರಿಗೆ ಇದರಿಂದ ತಿಳಿದೀತು.) ಕಾಯ್ದೆಯನ್ನು ಸ್ಕಾಟ್ಲೆಂಡಿಗೂ ವಿಸ್ತರಿಸುವ ಮಾತು ಬಂದೊಡನೆ 1779ರ ಆರಂಭದಲ್ಲಿ ಎಡಿನ್‌ಬರೋ ಮತ್ತು ಗ್ಲಾಸ್ಗೋ ನಗರಗಳಲ್ಲಿ ಕ್ಯಾಥೊಲಿಕರ ಮನೆಗಳೂ ಪ್ರಾರ್ಥನಾ ಮಂದಿರಗಳೂ ದಾಳಿಗೊಳಗಾದವು, ಸರ್ಕಾರ ಹಿಂದೆ ಸರಿಯಿತು. ನನ್ನ ಅಭಿಪ್ರಾಯದಲ್ಲಿ ಲಂಡನ್ನಿನ ದೊಂಬಿಗೆ ಬೀಜ ಬಿದ್ದದ್ದು ಈ ಹಿಂದೆಗೆತದಲ್ಲಿ. ಗಲಭೆ ಮಾಡಿದರೆ ಶಾಸನವನ್ನು ತಡೆಯಬಹುದು ಎಂಬ ಪಾಠವನ್ನು ಸರ್ಕಾರವೇ ಕಲಿಸಿಕೊಟ್ಟಿತ್ತು.

ಆ ಪಾಠವನ್ನು ಕಲಿತವರಲ್ಲಿ ಜಾರ್ಜ್ ಗಾರ್ಡನ್ ಒಬ್ಬ. 1751ರಲ್ಲಿ ಹುಟ್ಟಿದ, ಡ್ಯೂಕ್ ಮನೆತನದ ಕಿರಿಯ ಮಗ, ಕೆಲಕಾಲ ನೌಕಾಪಡೆಯಲ್ಲಿದ್ದು 1774ರಲ್ಲಿ ಸಂಸತ್ತಿನ ಕೆಳಮನೆಯಾದ ಕಾಮನ್ಸ್ ಸಭೆಯ ಸದಸ್ಯನಾದವನು. 1779ರ ಕೊನೆಯಲ್ಲಿ ಅವನು ಪ್ರೊಟೆಸ್ಟೆಂಟ್ ಸಂಘದ ಅಧ್ಯಕ್ಷನಾಗಿ, 1778ರ ಕಾಯ್ದೆಯನ್ನು ರದ್ದುಮಾಡಬೇಕೆಂಬ ಮನವಿಗೆ ಸಹಿ ಸಂಗ್ರಹಿಸತೊಡಗಿದ. 1780ರ ಮೇ 29ರಂದು ನಡೆದ ಸಭೆಯಲ್ಲಿ, ಕನಿಷ್ಠ ಇಪ್ಪತ್ತು ಸಾವಿರ ಜನ ತನ್ನೊಡನೆ ಬಾರದಿದ್ದರೆ ಮನವಿಯನ್ನು ಸಂಸತ್ತಿಗೆ ಒಯ್ಯುವುದಿಲ್ಲವೆಂದು ಅವನು ಹಟ ಹಿಡಿದ. ಜೂನ್ 2ರ ಶುಕ್ರವಾರ ಸೇಂಟ್ ಜಾರ್ಜ್ ಬಯಲಿನಲ್ಲಿ ಐವತ್ತು ಸಾವಿರಕ್ಕೆ ಕಡಿಮೆಯಿಲ್ಲದಷ್ಟು ಜನ ಟೋಪಿಗೆ ನೀಲಿ ಪಟ್ಟಿ ಸಿಕ್ಕಿಸಿಕೊಂಡು ನೆರೆದರೆಂಬುದು ಅಂದಿನವರ ಅಂದಾಜು. ಮೆರವಣಿಗೆ ಸಂಸತ್ ಭವನವನ್ನು ಸುತ್ತುವರಿಯಿತು. ಲಾರ್ಡ್ಸ್ ಸಭೆಗೆ ಬರುತ್ತಿದ್ದ ಬಿಷಪ್ಪರನ್ನೂ ಪ್ರಭುಗಳನ್ನೂ ಗಾಡಿಗಳಿಂದ ಎಳೆದಾಡಿದರು, ಮ್ಯಾನ್ಸ್‌ಫೀಲ್ಡರ ಗಾಡಿಯ ಗಾಜುಗಳನ್ನು ಒಡೆದರು. ಒಳಗೆ ಕಾಮನ್ಸ್ ಸದಸ್ಯರು ಮನವಿಯನ್ನು ಆಗಲೇ ಚರ್ಚೆಗೆ ತೆಗೆದುಕೊಳ್ಳಲು ಭಾರೀ ಬಹುಮತದಿಂದ ನಿರಾಕರಿಸಿದರು. ಗಾರ್ಡನ್ ಮತ್ತೆ ಮತ್ತೆ ಹೊರಬಂದು ಮೊಗಸಾಲೆಯಲ್ಲಿದ್ದ ಜನರಿಗೆ ಒಳಗಿನ ಮಾತುಗಳನ್ನು ವರದಿ ಮಾಡುತ್ತಿದ್ದ. ಗುಂಪಿನಲ್ಲಿ ಯಾರಾದರೂ ಒಳನುಗ್ಗಿದರೆ ಮೊದಲು ನಿನ್ನ ಎದೆಗೇ ಕತ್ತಿ ಇಳಿಸುತ್ತೇನೆಂದು ಅವನ ಬಂಧುವೇ ಆಗಿದ್ದ ಕರ್ನಲ್ ಮರ್ರೆ ಎಚ್ಚರಿಸಿದರು.

ಮುಂದಿನ ದಿನಗಳ ಕಥೆ ನಿಮಗೆ ತಿಳಿದಿದೆ, ಚುಟುಕಾಗಿ ಹೇಳುತ್ತೇನೆ. ಅಂದು ರಾತ್ರಿ ಸಾರ್ಡಿನಿಯ ಮತ್ತು ಬವೇರಿಯ ರಾಯಭಾರಿಗಳ ಪ್ರಾರ್ಥನಾ ಮಂದಿರಗಳಿಗೆ ದಾಳಿಯಾಯಿತು. ಬಳಿಕ ಐರಿಷ್ ಕೂಲಿಕಾರರಿದ್ದ ಮೂರ್‌ಫೀಲ್ಡ್ಸ್, ಸ್ಯಾವಿಲ್ ಅವರ ಮನೆ, ಜೂನ್ 6ರಂದು ನ್ಯೂಗೇಟ್ ಸೆರೆಮನೆ, ಅದೇ ರಾತ್ರಿ ಬ್ಲೂಮ್ಸ್‌ಬರಿಯಲ್ಲಿದ್ದ ಮ್ಯಾನ್ಸ್‌ಫೀಲ್ಡರ ಮನೆ ಹಾಗೂ ಜೀವಮಾನವಿಡೀ ಕೂಡಿಸಿದ ಅವರ ಗ್ರಂಥ ಭಂಡಾರ. 7ರಂದು ಹಾಲ್ಬರ್ನಿನಲ್ಲಿ ಲ್ಯಾಂಗ್ಡೇಲ್ ಎಂಬ ಕ್ಯಾಥೊಲಿಕ್ ವ್ಯಾಪಾರಿಯ ಮದ್ಯದ ಭಟ್ಟಿಗೆ ಬೆಂಕಿ ಬಿತ್ತು, ಬೀದಿಯಲ್ಲಿ ಹರಿದ ಕಚ್ಚಾ ಮದ್ಯವನ್ನು ಕುಡಿದವರು ಅಲ್ಲಿಯೇ ಸತ್ತರು, ಬ್ಯಾಂಕ್ ಆಫ್ ಇಂಗ್ಲೆಂಡಿನ ಮೇಲಿನ ದಾಳಿಯನ್ನು ಸೈನಿಕರು ಗುಂಡು ಹಾರಿಸಿ ತಡೆದರು. ಮ್ಯಾಜಿಸ್ಟ್ರೇಟರ ಅಪ್ಪಣೆಗೆ ಕಾಯದೆ ಗುಂಡು ಹಾರಿಸಬಹುದೆಂದು ಅಂದೇ ಅಟಾರ್ನಿ ಜನರಲ್ ವೆಡರ್‌ಬರ್ನ್ ರಾಜನ ಮಂತ್ರಾಲೋಚನಾ ಸಭೆಯಲ್ಲಿ ಅಭಿಪ್ರಾಯ ಕೊಟ್ಟಿದ್ದರು. ಅಧಿಕೃತ ಲೆಕ್ಕದಂತೆ ಗುಂಡಿಗೆ ಸ್ಥಳದಲ್ಲೇ ಬಲಿಯಾದವರು 210, ಆಸ್ಪತ್ರೆಗಳಲ್ಲಿ ತೀರಿಕೊಂಡವರು 75.

ಈಗ ವಿಚಾರಣೆಗಳಿಗೆ ಬರೋಣ. ಬಂಧಿತರಾದ ನಾಲ್ಕುನೂರಕ್ಕೂ ಹೆಚ್ಚು ಜನರಲ್ಲಿ ಸುಮಾರು 160 ಮಂದಿಯನ್ನು ವಿಚಾರಣೆಗೆ ಗುರಿಪಡಿಸಲಾಯಿತು. ಗಾರ್ಡನ್ನನ್ನು ಬಿಟ್ಟರೆ ಈ ಜನರ ಮೇಲೆ ಸರ್ಕಾರ ಹೊರಿಸಿದ್ದು ರಾಜದ್ರೋಹದ ಆರೋಪವನ್ನಲ್ಲ. ಅವರಲ್ಲಿ ಬಹುಪಾಲು ಜನರ ಮೇಲೆ ಪ್ರಯೋಗವಾದದ್ದು 1715ರಿಂದ ಜಾರಿಯಲ್ಲಿದ್ದ ದೊಂಬಿ ಕಾಯ್ದೆ. ಗುಂಪುಗೂಡಿ ಮನೆಯನ್ನಾಗಲಿ ಪ್ರಾರ್ಥನಾ ಮಂದಿರವನ್ನಾಗಲಿ ಕೆಡವುವುದು, ಅಷ್ಟೇ ಅಲ್ಲ, ಕೆಡವಲು ಆರಂಭಿಸುವುದು ಸಹ ಆ ಕಾಯ್ದೆಯಂತೆ ಮರಣದಂಡನೆಯ ಅಪರಾಧ. ಪ್ರಾಸಿಕ್ಯೂಷನ್ನಿಗೆ ಇದು ಬಹಳ ಅನುಕೂಲದ ಕಾಯ್ದೆಯಾಗಿತ್ತು, ಯಾಕೆಂದರೆ ಆರೋಪಿಯ ಉದ್ದೇಶವೇನು, ಅವನು ರಾಜನ ವಿರುದ್ಧ ಏನು ಬಗೆದ ಎಂದು ಕೇಳುವ ಅಗತ್ಯವೇ ಇರಲಿಲ್ಲ. ಅಮುಕನು ಕಿಟಕಿಯ ಚೌಕಟ್ಟನ್ನು ಕಿತ್ತದ್ದನ್ನು, ಪೀಠೋಪಕರಣವನ್ನು ಬೆಂಕಿಗೆಸೆದದ್ದನ್ನು ಕಂಡೆನೆಂದು ನೆರೆಮನೆಯವನೊಬ್ಬ ಸಾಕ್ಷಿ ನುಡಿದರೆ ಸಾಕಾಗುತ್ತಿತ್ತು. ಆರೋಪಿಗೆ ದೋಷಾರೋಪ ಪತ್ರದ ಪ್ರತಿಯನ್ನು ಕೊಡುತ್ತಿರಲಿಲ್ಲ. ವಕೀಲನನ್ನು ಇಟ್ಟುಕೊಳ್ಳುವ ಶಕ್ತಿಯಿದ್ದರೂ ಆ ವಕೀಲ ಸಾಕ್ಷಿಯನ್ನು ಪಾಟಿಸವಾಲಿಗೆ ಒಳಪಡಿಸಬಹುದಾಗಿತ್ತೇ ಹೊರತು ಆರೋಪಿಯ ಪರವಾಗಿ ಜ್ಯೂರಿಯನ್ನು ಉದ್ದೇಶಿಸಿ ಮಾತಾಡುವಂತಿರಲಿಲ್ಲ. ಆ ಹಕ್ಕು ಇಂಗ್ಲೆಂಡಿನಲ್ಲಿ ಬಂದದ್ದು 1836ರಲ್ಲಿ. ಓದು ಬರಹ ಬಾರದ ಕೂಲಿಕಾರನೊಬ್ಬ ತನ್ನ ಪ್ರಾಣಕ್ಕಾಗಿ ತಾನೇ ವಾದ ಮಾಡಬೇಕಾಗಿತ್ತು, ಅದೂ ತನ್ನ ಮೇಲಿನ ಆರೋಪವನ್ನು ಆ ಕ್ಷಣದಲ್ಲಿ ಕೇಳಿಸಿಕೊಂಡು.

ರಾಜದ್ರೋಹದ ವಿಚಾರಣೆ ಹಾಗಲ್ಲ. ಹದಿನೇಳನೇ ಶತಮಾನದಲ್ಲಿ ಸಂಸತ್ತಿನ ಪ್ರಮುಖರೇ ಈ ಆರೋಪಕ್ಕೆ ಬಲಿಯಾಗುತ್ತಿದ್ದುದರಿಂದ, ಅಧಿಕಾರಕ್ಕೆ ಬಂದವರು ನಾಳೆ ತಮಗೂ ಇದೇ ಗತಿ ಬಂದೀತೆಂದು ಅರಿತು 1696ರಲ್ಲಿ ರಾಜದ್ರೋಹದ ವಿಚಾರಣೆಗಳಿಗಾಗಿಯೇ ಒಂದು ಶಾಸನವನ್ನು ಮಾಡಿಕೊಂಡರು. ಅದರಂತೆ ಆರೋಪಿಗೆ ದೋಷಾರೋಪದ ಪ್ರತಿಯನ್ನು ಮುಂಚಿತವಾಗಿ ಕೊಡಬೇಕು, ಅವನ ವಕೀಲರಿಗೆ ಪೂರ್ಣ ವಾದ ಮಂಡಿಸುವ ಅವಕಾಶವಿರಬೇಕು, ಕನಿಷ್ಠ ಇಬ್ಬರು ಸಾಕ್ಷಿಗಳಿಲ್ಲದೆ ಶಿಕ್ಷೆ ವಿಧಿಸುವಂತಿಲ್ಲ. ಮುಂದೆ 1708ರ ಶಾಸನ ಜ್ಯೂರಿಯವರ ಮತ್ತು ಸಾಕ್ಷಿಗಳ ಪಟ್ಟಿಯನ್ನೂ ಹತ್ತು ದಿನ ಮೊದಲೇ ಕೊಡಬೇಕೆಂದಿತು. ಈ ರಕ್ಷಣೆಗಳು ಯಾರಿಗಾಗಿ ಹುಟ್ಟಿದವು ಎಂಬುದನ್ನು ಗಮನಿಸಿದರೆ ನಿಮ್ಮ ಪ್ರಶ್ನೆಯ ಅರ್ಧ ಉತ್ತರ ಅಲ್ಲಿಯೇ ಸಿಗುತ್ತದೆ. ದೊಡ್ಡವರ ಮೇಲೆ ಬರಬಹುದಾದ ಆರೋಪಕ್ಕೆ ದೊಡ್ಡವರು ಬೇಲಿ ಕಟ್ಟಿಕೊಂಡಿದ್ದರು. ಮನೆ ಒಡೆದ ಆರೋಪ, ಕಳವಿನ ಆರೋಪ ತಮ್ಮ ಮೇಲೆ ಬರುವುದೆಂದು ಅವರು ಎಣಿಸಿರಲಿಲ್ಲ, ಹಾಗಾಗಿ ಅವುಗಳಿಗೆ ಬೇಲಿಯೂ ಇರಲಿಲ್ಲ. ಇಲ್ಲಿ ಇನ್ನೊಂದು ಮಾತನ್ನೂ ಸ್ಪಷ್ಟಪಡಿಸಬೇಕು: ಗಾರ್ಡನ್ ಹೆಸರಿನ ಹಿಂದಿದ್ದ ಲಾರ್ಡ್ ಎಂಬುದು ಡ್ಯೂಕನ ಮಗನಿಗೆ ಸಲ್ಲುವ ಗೌರವಸೂಚಕವಷ್ಟೆ. ಅವನು ಲಾರ್ಡ್ಸ್ ಸಭೆಯ ಸದಸ್ಯನಲ್ಲದ ಕಾರಣ ಅವನನ್ನು ವಿಚಾರಿಸಿದ್ದು ಪ್ರಭುಗಳ ಸಭೆಯಲ್ಲ, ಕಿಂಗ್ಸ್ ಬೆಂಚ್ ನ್ಯಾಯಾಲಯದ ಸಾಮಾನ್ಯ ಜ್ಯೂರಿ.

ಆರೋಪದ ಒಡಲು ಏನು ಎಂಬುದನ್ನೂ ನೋಡಬೇಕು. ಮೂರನೇ ಎಡ್ವರ್ಡನ ಕಾಲದ, ಹದಿನಾಲ್ಕನೇ ಶತಮಾನದ ರಾಜದ್ರೋಹದ ಶಾಸನದಲ್ಲಿ ರಾಜನ ವಿರುದ್ಧ ಯುದ್ಧ ಹೂಡುವುದು ಒಂದು ಬಗೆಯ ರಾಜದ್ರೋಹ. 2024ರವರೆಗೆ ಜಾರಿಯಲ್ಲಿದ್ದ ಭಾರತೀಯ ದಂಡ ಸಂಹಿತೆಯ 121ನೇ ಕಲಮನ್ನು ಓದಿದ ನಿಮಗೆ ಆ ಮಾತು ಅಪರಿಚಿತವಲ್ಲ. ಗಾರ್ಡನ್ ಕತ್ತಿ ಹಿರಿದಿರಲಿಲ್ಲ, ಪಡೆ ಕಟ್ಟಿರಲಿಲ್ಲ. ಹಾಗಾದರೆ ಯುದ್ಧ ಎಲ್ಲಿಂದ ಬಂತು? ಅದು ಬಂದದ್ದು ನ್ಯಾಯಾಲಯಗಳು ಕಾಲಕ್ರಮೇಣ ಹಿಗ್ಗಿಸಿದ ವ್ಯಾಖ್ಯಾನದಿಂದ. 1710ರಲ್ಲಿ ಲಂಡನ್ನಿನ ಗುಂಪೊಂದು ಸ್ಥಾಪಿತ ಚರ್ಚಿನ ಹೊರಗಿದ್ದ ಪ್ರೊಟೆಸ್ಟೆಂಟರ ಪ್ರಾರ್ಥನಾ ಗೃಹಗಳನ್ನು ಕೆಡವಿದಾಗ, ಡ್ಯಾಮರಿ ಎಂಬವನ ಪ್ರಕರಣದಲ್ಲಿ ನ್ಯಾಯಾಧೀಶರು, ಒಬ್ಬನ ಮೇಲಿನ ಸೇಡಿಗೆ ಒಂದು ಕಟ್ಟಡವನ್ನು ಕೆಡವಿದರೆ ಅದು ದೊಂಬಿ, ಅಂಥ ಕಟ್ಟಡಗಳನ್ನೆಲ್ಲ ನಿರ್ನಾಮ ಮಾಡುವ ಸಾರ್ವತ್ರಿಕ ಉದ್ದೇಶದಿಂದ ಕೆಡವಿದರೆ ಅದು ರಾಜನ ವಿರುದ್ಧ ಯುದ್ಧ ಎಂದು ತೀರ್ಮಾನಿಸಿದ್ದರು. ಇದೇ ಎಳೆಯನ್ನು ಹಿಡಿದು 1781ರಲ್ಲಿ ಸರ್ಕಾರದ ವಕೀಲರು, ಜನಬಲದಿಂದ ಸಂಸತ್ತನ್ನು ಬೆದರಿಸಿ ಶಾಸನವೊಂದನ್ನು ರದ್ದುಮಾಡಿಸಲು ಹೊರಡುವುದೂ ಯುದ್ಧವೇ ಎಂದು ವಾದಿಸಿದರು.

ವಿಚಾರಣೆ 1781ರ ಫೆಬ್ರವರಿ 5ರ ಬೆಳಿಗ್ಗೆ ವೆಸ್ಟ್‌ಮಿನ್‌ಸ್ಟರಿನಲ್ಲಿ ಆರಂಭವಾಗಿ ಮರುದಿನದ ಬೆಳಗಿನ ಜಾವದವರೆಗೆ ಎಡೆಬಿಡದೆ ನಡೆಯಿತು. ಪೀಠದಲ್ಲಿ ಕುಳಿತಿದ್ದವರು ಮ್ಯಾನ್ಸ್‌ಫೀಲ್ಡ್, ಎಂದರೆ ಎಂಟು ತಿಂಗಳ ಹಿಂದೆ ಮನೆಯನ್ನೂ ಪುಸ್ತಕಗಳನ್ನೂ ಈ ದೊಂಬಿಯಲ್ಲೇ ಕಳೆದುಕೊಂಡವರು. ಇಂದಿನ ಕಣ್ಣಿಗೆ ಇದು ಒಪ್ಪುವ ಮಾತಲ್ಲ. ಗಾರ್ಡನ್ನನ ಪರ ಲಾಯ್ಡ್ ಕೆನ್ಯನ್ ಮತ್ತು ವಕೀಲಿ ಆರಂಭಿಸಿ ಮೂರು ವರ್ಷವೂ ತುಂಬದಿದ್ದ ಥಾಮಸ್ ಅರ್ಸ್ಕಿನ್ ನಿಂತಿದ್ದರು. ಪ್ರಾಸಿಕ್ಯೂಷನ್ನಿನ ಮುಖ್ಯ ಸಾಕ್ಷಿಗಳಲ್ಲಿ ಒಬ್ಬನಾದ ವಿಲಿಯಂ ಹೇ ಎಂಬ ಮುದ್ರಕ ಎಲ್ಲೆಡೆಯೂ ತಾನಿದ್ದೆನೆಂದು ಹೇಳಿ ಪಾಟಿಸವಾಲಿನಲ್ಲಿ ಮುಗ್ಗರಿಸಿದ. ಅರ್ಸ್ಕಿನ್ ತನ್ನ ಭಾಷಣವನ್ನು ಉದ್ದೇಶಪೂರ್ವಕವಾಗಿ ತಡೆಹಿಡಿದು, ತನ್ನ ಪಕ್ಷದ ಸಾಕ್ಷಿಗಳೂ ಮುಗಿದ ಮೇಲೆ, ನಡುರಾತ್ರಿಯ ಹೊತ್ತಿನಲ್ಲಿ ಎದ್ದು ನಿಂತರು.

ಅವರ ವಾದದ ತಿರುಳು ಒಂದೇ: ಯುದ್ಧ ಹೂಡುವ ಸಂಕಲ್ಪ ಆರೋಪಿಯ ಮನಸ್ಸಿನಲ್ಲಿತ್ತು ಎಂಬುದನ್ನು ತೋರಿಸಬೇಕು, ನಂತರ ನಡೆದ ಅನಾಹುತದಿಂದ ಆ ಸಂಕಲ್ಪವನ್ನು ಊಹಿಸುವಂತಿಲ್ಲ. ಜೂನ್ 2ರ ಸಭೆಗೆ ಬರಬೇಕೆಂದು ಸಂಘವು ಮ್ಯಾಜಿಸ್ಟ್ರೇಟರನ್ನೇ ಕೇಳಿಕೊಂಡಿತ್ತು. ಹಿಂಸೆಗೆ ಹೊರಟವನು ಮ್ಯಾಜಿಸ್ಟ್ರೇಟರನ್ನು ಕರೆಯುತ್ತಾನೆಯೆ? ಜೂನ್ 7ರಂದು ಗಾರ್ಡನ್ ತಾನಾಗಿ ಅರಮನೆಗೆ ಹೋಗಿ, ಗಲಭೆ ಅಡಗಿಸಲು ನೆರವಾಗುತ್ತೇನೆಂದು ರಾಜನ ಭೇಟಿ ಕೇಳಿದ್ದ. ಮನವಿಗೆ ಸಹಿ ಹಾಕಿದ ನಲವತ್ತನಾಲ್ಕು ಸಾವಿರ ಜನರಲ್ಲಿ ಒಬ್ಬನೂ ಶಿಕ್ಷೆಗೊಳಗಾದವರಲ್ಲಿ, ಸಂಶಯದ ಮೇಲೆ ಹಿಡಿದವರಲ್ಲಿ ಸಹ ಇಲ್ಲವೆಂದು ಅರ್ಸ್ಕಿನ್ ಒತ್ತಿ ಹೇಳಿದರು. ಗಾರ್ಡನ್ ಸಹಿ ಹಾಕಿ ಕೊಟ್ಟಿದ್ದ ಒಂದು ಚೀಟಿ ಪ್ರಾಸಿಕ್ಯೂಷನ್ನಿನ ಕೈಯಲ್ಲಿತ್ತು: ಈ ಮನೆಯ ಒಡೆಯ ನಿಷ್ಠಾವಂತ ಪ್ರೊಟೆಸ್ಟೆಂಟ್, ಇದಕ್ಕೆ ಹಾನಿ ಮಾಡಬೇಡಿ ಎಂಬರ್ಥದ ರಕ್ಷಣೆಯ ಪತ್ರ. ನನ್ನ ದೃಷ್ಟಿಯಲ್ಲಿ ಅವನ ವಿರುದ್ಧದ ಅತಿ ಭಾರವಾದ ಸಾಕ್ಷ್ಯ ಇದು, ಯಾಕೆಂದರೆ ಗುಂಪಿಗೆ ತನ್ನ ಮಾತು ನಡೆಯುತ್ತದೆಂದು ಅವನಿಗೆ ಗೊತ್ತಿತ್ತು, ಮತ್ತು ಆ ಮಾತನ್ನು ಅವನು ಪ್ರೊಟೆಸ್ಟೆಂಟನ ಮನೆ ಉಳಿಸಲು ಬಳಸಿದ, ಕ್ಯಾಥೊಲಿಕನ ಮನೆ ಉಳಿಸಲು ಬಳಸಲಿಲ್ಲ. ಆದರೆ ಅದರಿಂದ ಸಿದ್ಧವಾಗುವುದು ಅವನ ಹೃದಯದ ಕಾಠಿಣ್ಯ, ರಾಜನ ವಿರುದ್ಧ ಯುದ್ಧವಲ್ಲ.

ಮ್ಯಾನ್ಸ್‌ಫೀಲ್ಡ್ ಜ್ಯೂರಿಗೆ ಕಾನೂನನ್ನು ವಿವರಿಸಿದ್ದು ಗಾರ್ಡನ್ನನಿಗೆ ಅನುಕೂಲವಾಗಿ ಅಲ್ಲ. ಬಲಪ್ರಯೋಗದಿಂದ ಸಂಸತ್ತಿನ ಕೈಯಲ್ಲಿ ಶಾಸನ ರದ್ದುಮಾಡಿಸಲು ಯತ್ನಿಸುವುದು ರಾಜದ್ರೋಹವೇ ಎಂದು ಅವರು ಸ್ಪಷ್ಟವಾಗಿ ಹೇಳಿದರು. ಆದರೆ ಆ ಜನಸಮೂಹ ಅಂಥ ಉದ್ದೇಶದಿಂದ ನೆರೆದಿತ್ತೆ, ಗಾರ್ಡನ್ ಅದಕ್ಕೆ ಪ್ರಚೋದನೆ ಕೊಟ್ಟನೆ ಎಂಬ ಎರಡು ಸಂಗತಿಗಳನ್ನು ತೂಗಿನೋಡುವ ಹೊಣೆಯನ್ನು ಜ್ಯೂರಿಗೆ ಬಿಟ್ಟರು. ಜ್ಯೂರಿ ಹೆಚ್ಚು ಹೊತ್ತು ತೆಗೆದುಕೊಳ್ಳದೆ ನಿರ್ದೋಷಿಯೆಂದು ತೀರ್ಪಿತ್ತಿತು. 1768ರಲ್ಲಿ ಕ್ಯಾಥೊಲಿಕ್ ಪಾದ್ರಿಯೊಬ್ಬನನ್ನು ಉಳಿಸಿದ ಕಟ್ಟುನಿಟ್ಟಿನ ಪುರಾವೆಯ ನಿಯಮವೇ ಹದಿಮೂರು ವರ್ಷಗಳ ನಂತರ ಕ್ಯಾಥೊಲಿಕರ ಕಡುವೈರಿಯನ್ನು ಉಳಿಸಿತು. ಈ ತೀರ್ಪು ಸರಿಯೆಂದೇ ನಾನು ಭಾವಿಸುತ್ತೇನೆ, ಗಾರ್ಡನ್ನನ ಮೇಲೆ ನನಗೆ ಯಾವ ಅನುಕಂಪ ಇಲ್ಲದಿದ್ದರೂ. ಅಂದು ಶಿಕ್ಷೆಯಾಗಿದ್ದರೆ ದೊಡ್ಡ ಸಭೆ ಸೇರಿಸಿ ಮನವಿ ಒಯ್ಯುವ ಯಾವನನ್ನೇ ಆಗಲಿ, ಗುಂಪಿನಲ್ಲಿ ಬೇರೆಯವರು ಮಾಡಿದ ಕೃತ್ಯಕ್ಕಾಗಿ ರಾಜದ್ರೋಹಿಯೆನ್ನುವ ದಾರಿ ತೆರೆಯುತ್ತಿತ್ತು. 1794ರಲ್ಲಿ ಸಂಸತ್ತಿನ ಸುಧಾರಣೆ ಕೇಳಿದ ಚಮ್ಮಾರ ಥಾಮಸ್ ಹಾರ್ಡಿಯ ಮೇಲೆ ಸರ್ಕಾರ ರಾಜದ್ರೋಹದ ಆರೋಪ ಹೊರಿಸಿದಾಗ ಅವನ ಪರ ನಿಂತು ಗೆದ್ದವರೂ ಇದೇ ಅರ್ಸ್ಕಿನ್. ಅಂದರೆ ರಾಜದ್ರೋಹದ ಬೇಲಿಯೊಳಗೆ ಬಂದಾಗ ಚಮ್ಮಾರನಿಗೂ ಅದು ನೆರಳು ಕೊಟ್ಟಿತು.

ನನಗೆ ನೋವು ತರುವುದು ಇನ್ನೊಂದು ಬದಿ. 1780ರ ಬೇಸಿಗೆಯಲ್ಲೇ, ಗಾರ್ಡನ್ನನ ವಿಚಾರಣೆಗೆ ತಿಂಗಳುಗಟ್ಟಲೆ ಮೊದಲೇ, ಸುಮಾರು 25 ಮಂದಿಯನ್ನು ಗಲ್ಲಿಗೇರಿಸಲಾಯಿತು, ಹಲವರನ್ನು ಅವರು ಕೆಡವಿದರೆನ್ನಲಾದ ಕಟ್ಟಡಗಳ ಹತ್ತಿರವೇ. ಜುಲೈ 11ರಂದು ಟವರ್ ಹಿಲ್ಲಿನಲ್ಲಿ ಪ್ರಾಣ ಕಳೆದುಕೊಂಡ ಮೂವರನ್ನು ನೋಡಿ: ಒಂದು ಕೈ ಕಳೆದುಕೊಂಡಿದ್ದ ಮಾಜಿ ಸೈನಿಕ ವಿಲಿಯಂ ಮೆಕ್‌ಡೊನಾಲ್ಡ್, ಮೇರಿ ರಾಬರ್ಟ್ಸ್, ಮತ್ತು ಷಾರ್ಲಟ್ ಗಾರ್ಡಿನರ್ ಎಂಬ ಕಪ್ಪು ಜನಾಂಗದ ಹೆಂಗಸು. ಕ್ಯಾಥೊಲಿಕನೊಬ್ಬನ ಪಾನಗೃಹವನ್ನು ಕೆಡವಿದ ಆರೋಪ ಅವರದು. ಅವರು ಮಾಡಿದ್ದು ತಪ್ಪೇ, ಮನೆ ಕಳೆದುಕೊಂಡವನ ದುಃಖ ಸಣ್ಣದಲ್ಲ. ಆದರೆ ಅವರ ಮನಸ್ಸಿನಲ್ಲಿ ಏನಿತ್ತೆಂದು ಕೇಳಲು ಅಲ್ಲಿ ಅರ್ಸ್ಕಿನ್ ಇರಲಿಲ್ಲ, ಇದ್ದರೂ ಜ್ಯೂರಿಯ ಮುಂದೆ ಅವರಿಗಾಗಿ ಬಾಯಿ ತೆರೆಯುವ ಹಕ್ಕು ಅವರಿಗಿರಲಿಲ್ಲ. ಕ್ಯಾಥೊಲಿಕರ ಪರ ನಿಂತಿದ್ದರಿಂದ ದೊಂಬಿಯ ದಿನಗಳಲ್ಲಿ ತಾವೇ ಬೆದರಿಕೆಗೆ ಒಳಗಾಗಿದ್ದ ಕಾಮನ್ಸ್ ಸದಸ್ಯ ಎಡ್ಮಂಡ್ ಬರ್ಕ್, ಗಲ್ಲಿಗೇರಿಸುವವರ ಸಂಖ್ಯೆಯನ್ನು ಆರಕ್ಕೆ ಸೀಮಿತಗೊಳಿಸಿರೆಂದು ಮಂತ್ರಿಗಳಿಗೆ ಬರೆದದ್ದು ನಿಷ್ಫಲವಾಯಿತು. ಕೈಯಲ್ಲಿ ಅಧಿಕಾರವಿದ್ದೂ ದಿನಗಟ್ಟಲೆ ಸುಮ್ಮನಿದ್ದ ಮೇಯರ್ ಬ್ರ್ಯಾಕ್ಲಿ ಕೆನೆಟ್ ಕರ್ತವ್ಯಲೋಪಕ್ಕಾಗಿ ದೋಷಿಯೆನಿಸಿದನಾದರೂ ಅವನ ಕೊರಳಿಗೆ ಹಗ್ಗ ಬೀಳಲಿಲ್ಲ.

ಹುಟ್ಟು ಮಾತ್ರವೇ ಗಾರ್ಡನ್ನನನ್ನು ಕಾಪಾಡಲಿಲ್ಲ ಎಂಬುದಕ್ಕೆ ಅವನ ಕೊನೆಯ ಪ್ರಕರಣವೇ ಸಾಕ್ಷಿ. 1787ರಲ್ಲಿ, ಫ್ರಾನ್ಸಿನ ರಾಣಿ ಮರಿ ಆಂತ್ವನೆತ್ ಮೇಲೂ ಇಂಗ್ಲೆಂಡಿನ ನ್ಯಾಯವ್ಯವಸ್ಥೆಯ ಮೇಲೂ ಬರೆದ ಬರಹಗಳಿಗಾಗಿ ಅವನ ಮೇಲೆ ನಿಂದಾಲೇಖನದ ಮೊಕದ್ದಮೆ ಹೂಡಲಾಯಿತು. ರಾಜದ್ರೋಹದ ಎದುರು ಇದು ಬಹಳ ಸಣ್ಣ ಅಪರಾಧ, ಹಾಗಾಗಿ 1696ರ ಶಾಸನದ ರಕ್ಷಣೆ ಇದಕ್ಕಿರಲಿಲ್ಲ. ಅಷ್ಟೇ ಅಲ್ಲ, ಅಂದಿನ ನ್ಯಾಯಾಲಯಗಳು ಅನುಸರಿಸುತ್ತಿದ್ದ ನಿಯಮದಂತೆ ಬರಹವನ್ನು ಆರೋಪಿ ಪ್ರಕಟಿಸಿದನೇ ಇಲ್ಲವೇ ಎಂಬುದನ್ನು ಮಾತ್ರ ಜ್ಯೂರಿ ನಿರ್ಧರಿಸಬೇಕು, ಅದು ನಿಂದೆಯೇ ಎಂಬುದು ನ್ಯಾಯಾಧೀಶರಿಗೆ ಬಿಟ್ಟದ್ದು. ಆ ನಿಯಮವನ್ನು ಸಂಸತ್ತು ಬದಲಿಸಿದ್ದು 1792ರಲ್ಲಿ. ಗಾರ್ಡನ್ ದೋಷಿಯಾದ, ಹಾಲೆಂಡಿಗೆ ಓಡಿದ, ಅಲ್ಲಿ ನೆಲೆ ಸಿಗದೆ ಮರಳಿ, ಆ ಹೊತ್ತಿಗೆ ಯಹೂದಿ ಮತವನ್ನು ಸ್ವೀಕರಿಸಿ ಗಡ್ಡ ಬಿಟ್ಟು ಬರ್ಮಿಂಗ್‌ಹ್ಯಾಮಿನಲ್ಲಿ ಬದುಕುತ್ತಿದ್ದಾಗ ಸಿಕ್ಕಿಬಿದ್ದ. 1788ರ ಜನವರಿಯಲ್ಲಿ ಅವನಿಗೆ ಐದು ವರ್ಷಗಳ ಸೆರೆವಾಸ ವಿಧಿಸಿ, ಆ ಬಳಿಕ ಬಿಡುಗಡೆಗೆ ದೊಡ್ಡ ಮೊತ್ತದ ಜಾಮೀನನ್ನೂ ಗೊತ್ತುಮಾಡಿದರು. ಅವಧಿ ಮುಗಿದಾಗ ನ್ಯಾಯಾಲಯ ಒಪ್ಪುವಂಥ ಜಾಮೀನುದಾರರು ಸಿಗಲಿಲ್ಲ. 1793ರ ನವೆಂಬರ್ 1ರಂದು ಅವನು ಸೆರೆಮನೆಯ ಜ್ವರದಿಂದ ತೀರಿಕೊಂಡ. ಆ ಸೆರೆಮನೆ ನ್ಯೂಗೇಟ್.